ಹಿತ್ತಲಲ್ಲಿ ಜೇನುಪೆಟ್ಟಿಗೆ: ಮೊದಲು ಎರಿ ಓದಿ, ತುಪ್ಪ ಆಮೇಲೆ

ಜೇನು ಸಾಕಲು ಹೊರಟವರ ತಲೆಯಲ್ಲಿ ಮೊದಲು ಕೂರುವುದು ತುಪ್ಪದ ಲೆಕ್ಕ. ಆ ಲೆಕ್ಕವನ್ನು ಒಂದು ವರ್ಷ ಬದಿಗಿಡಿ. ಮೊದಲ ವರ್ಷ ಮಾಡಬೇಕಾದ್ದು ಎರಡೇ ಕೆಲಸ: ತಂದ ಜೇನುನೊಣಗಳ ಕುಟುಂಬವನ್ನು ಉಳಿಸಿಕೊಳ್ಳುವುದು, ಎರಿಯನ್ನು, ಅಂದರೆ ಮೇಣದ ಕೋಶಗಳ ಜೇನುತಟ್ಟನ್ನು, ನೋಡಿದ ಕೂಡಲೇ ಒಳಗೇನು ನಡೆದಿದೆ ಎಂದು ಹೇಳುವಷ್ಟು ಕಣ್ಣು ಪಳಗಿಸಿಕೊಳ್ಳುವುದು. ಇವೆರಡು ಕೈಗೆ ಹತ್ತಿದರೆ ತುಪ್ಪ ಬಂದೇ ಬರುತ್ತದೆ. ತುಪ್ಪಕ್ಕೆ ಆತುರಪಟ್ಟವರ ಪೆಟ್ಟಿಗೆ ಮುಂದಿನ ಹೂವಿನ ಕಾಲಕ್ಕೆ ಖಾಲಿ ಬಿದ್ದಿರುವುದೇ ಹೆಚ್ಚು.

ಯಾವ ಜೇನು, ಎಂಥ ಪೆಟ್ಟಿಗೆ

ಹೆಜ್ಜೇನು, ಕೋಲುಜೇನು ಬಯಲಿನಲ್ಲಿ ಒಂದೇ ಎರಿ ಕಟ್ಟುವ ಜಾತಿಗಳು. ಅವನ್ನು ಪೆಟ್ಟಿಗೆಯಲ್ಲಿ ನಿಲ್ಲಿಸಲು ಆಗದು. ಕತ್ತಲ ಪೊಟರೆಯಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವ ತುಡುವೆ ಮತ್ತು ಮೆಲ್ಲಿಫೆರಾ (ಯುರೋಪಿನ ಜೇನು) ಮಾತ್ರ, ಎರಿ ಕಟ್ಟಲು ಒಳಗೆ ಮರದ ಚೌಕಟ್ಟುಗಳನ್ನು ಜೋಡಿಸಿದ ಪೆಟ್ಟಿಗೆಗೆ ಒಗ್ಗುತ್ತವೆ. ಮುಜಂಟಿ ಕುಟುಕುವುದಿಲ್ಲ ನಿಜ, ಆದರೆ ಅದರ ಸಾಕಣೆಯ ದಾರಿಯೇ ಬೇರೆ. ನಿಮ್ಮ ಸುತ್ತಮುತ್ತ ಈಗಾಗಲೇ ಸಾಕುತ್ತಿರುವ ಜಾತಿಯನ್ನೇ ಆರಿಸಿಕೊಳ್ಳಿ. ಅಲ್ಲಿನ ಹವೆಗೆ ಹೊಂದಿಕೊಂಡ ಕುಟುಂಬ ಸಿಗುತ್ತದೆ, ತೊಂದರೆಯಾದಾಗ ಕೇಳಲು ಜನರೂ ಸಿಗುತ್ತಾರೆ.

ಪೆಟ್ಟಿಗೆಯ ವಿಷಯದಲ್ಲಿ ಅಳತೆಯೇ ಎಲ್ಲ. 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಒಂದು ಸಂಗತಿಯನ್ನು ಗಮನಿಸಿದರು: ಎರಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಸುಮಾರು 6ರಿಂದ 9 ಮಿಲಿಮೀಟರ್ ಜಾಗ ಬಿಟ್ಟರೆ ನೊಣಗಳು ಅದನ್ನು ಓಡಾಡುವ ದಾರಿಯಾಗಿ ಹಾಗೇ ಉಳಿಸುತ್ತವೆ. ಕಿರಿದಾದರೆ ಮೆತ್ತಿ ಮುಚ್ಚುತ್ತವೆ, ಅಗಲವಾದರೆ ಅಲ್ಲೇ ಇನ್ನೊಂದು ಎರಿ ಕಟ್ಟಿ ಚೌಕಟ್ಟುಗಳನ್ನೆಲ್ಲ ಒಂದಕ್ಕೊಂದು ಬೆಸೆದುಬಿಡುತ್ತವೆ. ಎರಿ ಮುರಿಯದೆ ಚೌಕಟ್ಟು ಎತ್ತಿ ನೋಡುವ ಇಂದಿನ ಸಾಕಣೆ ನಿಂತಿರುವುದೇ ಈ ಕೆಲವು ಮಿಲಿಮೀಟರ್ ಮೇಲೆ. ಆದ್ದರಿಂದ ಅಂದಾಜಿನಲ್ಲಿ ಮರ ಕೊಯ್ಸಿ ಪೆಟ್ಟಿಗೆ ಮಾಡಿಸಬೇಡಿ. ತುಡುವೆ ಪೆಟ್ಟಿಗೆ ಚಿಕ್ಕದು, ಮೆಲ್ಲಿಫೆರಾದ್ದು ದೊಡ್ಡದು. ಕುಟುಂಬ ಕೊಡುವವರ ಚೌಕಟ್ಟಿನ ಅಳತೆ ಕೇಳಿಕೊಂಡೇ ಪೆಟ್ಟಿಗೆ ಕೊಳ್ಳಿ. ಆಗುವಂತಿದ್ದರೆ ಎರಡು ಕುಟುಂಬ ಇಡಿ. ಒಂದರಲ್ಲಿ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆಯಿರುವ ಚೌಕಟ್ಟು ಕೊಟ್ಟು, ಅದರಿಂದ ಹೊಸ ರಾಣಿ ಬೆಳೆಸಿಕೊಳ್ಳಲು ಬಿಟ್ಟು ಬದುಕಿಸಬಹುದು.

ಇದರ ಜೊತೆಗೆ ಮುಖಪರದೆ, ಕೈಗವಸು, ಹೊಗೆಯಾಡಿಸುವ ತಿದಿ, ಚೌಕಟ್ಟು ಮೀಟಲು ಚಪ್ಪಟೆ ಉಳಿ, ಮೆತ್ತನೆಯ ಬ್ರಷ್ ಸಾಕು. ತುಪ್ಪ ತೆಗೆಯುವ ಯಂತ್ರಕ್ಕೆ ಈಗಲೇ ದುಡ್ಡು ಹಾಕಬೇಡಿ.

ಜಾಗ

ಬೆಳಗಿನ ಬಿಸಿಲು ಬೀಳಬೇಕು, ಮಧ್ಯಾಹ್ನ ನೆರಳಿರಬೇಕು. ಬಿರುಗಾಳಿ ನೇರ ಹೊಡೆಯಬಾರದು, ರಾತ್ರಿ ದೀಪದ ಬೆಳಕು ಬಾಗಿಲಿಗೆ ಬೀಳಬಾರದು. ಬಾಗಿಲು ಓಡಾಡುವ ದಾರಿಯ ಕಡೆಗೆ ಇರಲೇಬಾರದು. ಅದರ ಮುಂದೆ ಕೊಂಚ ದೂರದಲ್ಲಿ ಆಳೆತ್ತರದ ಬೇಲಿಯೋ ಪೊದೆಯೋ ಇದ್ದರೆ ನೊಣಗಳು ಮೇಲೇರಿ ಹಾರುತ್ತವೆ, ಜನರ ತಲೆಗೆ ಡಿಕ್ಕಿಯಾಗುವುದಿಲ್ಲ. ಪೆಟ್ಟಿಗೆಯನ್ನು ನೆಲದಿಂದ ಒಂದೂವರೆ ಅಡಿ ಎತ್ತರದ ಸ್ಟ್ಯಾಂಡಿನ ಮೇಲೆ, ಮಳೆನೀರು ಒಳಗೆ ನಿಲ್ಲದಂತೆ ಮುಂದಕ್ಕೆ ತುಸು ಬಾಗಿಸಿ ಇಡಿ. ಸ್ಟ್ಯಾಂಡಿನ ಕಾಲುಗಳು ನೀರು ತುಂಬಿದ ಬಟ್ಟಲುಗಳಲ್ಲಿರಲಿ. ಇರುವೆ ಮುತ್ತಿದರೆ ಒಂದೇ ರಾತ್ರಿಯಲ್ಲಿ ಕುಟುಂಬ ಓಡಿಹೋದೀತು.

ಪೆಟ್ಟಿಗೆ ತರುವ ಮೊದಲೇ ನೆರೆಯವರ ಹತ್ತಿರ ಮಾತಾಡಿ. ಅವರ ಮನೆಯಲ್ಲಿ ಕುಟುಕಿನ ಅಲರ್ಜಿ ಇರುವವರಿದ್ದಾರೆಯೇ, ಗಿಡಕ್ಕೆ ಕೀಟನಾಶಕ ಹೊಡೆಯುತ್ತಾರೆಯೇ ಎಂದು ಕೇಳಿ. ಊರಿನ ನಿಯಮಗಳನ್ನೂ ತಿಳಿದುಕೊಳ್ಳಿ. ಸನಿಹದಲ್ಲೇ ಅಗಲ ಪಾತ್ರೆಯಲ್ಲಿ ನೀರು, ಅದರಲ್ಲಿ ನೊಣ ಕೂರಲು ಕಲ್ಲುಗಳಿರಲಿ. ಇಲ್ಲವಾದರೆ ಅವು ನೆರೆಯವರ ನಲ್ಲಿ ಹುಡುಕಿಕೊಂಡು ಹೋಗುತ್ತವೆ, ಒಮ್ಮೆ ರೂಢಿಯಾದ ನೀರನ್ನು ಬಿಡಿಸುವುದು ಕಷ್ಟ.

ಕುಟುಂಬ ತಂದ ದಿನ

ಎಲ್ಲ ನೊಣಗಳೂ ಗೂಡು ಸೇರಿದ ಮೇಲೆ ಬಾಗಿಲಿಗೆ ಗಾಳಿಯಾಡುವ ಜಾಲರಿ ಕಟ್ಟಿ, ರಾತ್ರಿಯೇ ಸಾಗಿಸಿ. ಜಾಗದಲ್ಲಿ ಇಟ್ಟು, ಅಲುಗಾಟ ನಿಂತ ಮೇಲೆ ಜಾಲರಿ ತೆಗೆಯಿರಿ. ಮರುದಿನ ಬೆಳಿಗ್ಗೆ ನೊಣಗಳು ಪೆಟ್ಟಿಗೆಯ ಕಡೆಗೇ ಮುಖ ಮಾಡಿ ಅತ್ತಿತ್ತ ತೇಲುತ್ತವೆ. ಅವು ಜಾಗ ಗುರುತು ಮಾಡಿಕೊಳ್ಳುವ ರೀತಿ ಅದು. ಆಮೇಲೆ ಪೆಟ್ಟಿಗೆಯನ್ನು ಹತ್ತಿಪ್ಪತ್ತು ಅಡಿ ಸರಿಸಿದರೂ ಹೊರಗೆ ಹೋದವು ಹಳೆಯ ಜಾಗಕ್ಕೇ ಮರಳಿ ಬಂದು ಸುತ್ತುತ್ತವೆ. ಹಾಗಾಗಿ ಜಾಗದ ತೀರ್ಮಾನ ಮೊದಲೇ ಆಗಿರಲಿ.

ಒಂದು ವಾರ ಮುಚ್ಚಳ ತೆರೆಯಬೇಡಿ. ಹೊರಗೆ ಹೂವು ಕಡಿಮೆಯಿದ್ದರೆ ಸಕ್ಕರೆ, ನೀರು ಸಮತೂಕದಲ್ಲಿ ಕರಗಿಸಿ, ಆರಿಸಿ, ಸಂಜೆ ಹೊತ್ತು ಪೆಟ್ಟಿಗೆಯ ಒಳಗೇ ಕೊಡಿ. ಹೊರಗೆ ಚೆಲ್ಲಿದರೆ ಬೇರೆ ಗೂಡಿನ ನೊಣಗಳು ವಾಸನೆ ಹಿಡಿದು ದರೋಡೆಗೆ ಬರುತ್ತವೆ. ಎಲ್ಲಿಂದಲೋ ತಂದ ಜೇನುತುಪ್ಪವನ್ನು ಮಾತ್ರ ತಿನ್ನಿಸಬೇಡಿ. ಮರಿಗಳನ್ನು ಕೊಳೆಸುವ ರೋಗಾಣು ಅದರಲ್ಲಿ ಉಳಿದಿರಬಹುದು.

ಮುಚ್ಚಳ ತೆರೆದಾಗ

ಇದೇ ಸಾಕಣೆಯ ತಿರುಳು. ಬಿಸಿಲಿದ್ದು ಗಾಳಿಯಿಲ್ಲದ ಹೊತ್ತು ಆರಿಸಿಕೊಳ್ಳಿ. ಮರಿಗಳ ಜಾಗವನ್ನು ನೊಣಗಳು 34–35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡುತ್ತವೆ, ಚಳಿಯಲ್ಲಿ ತೆರೆದಿಟ್ಟರೆ ಮರಿ ಸಾಯುತ್ತದೆ. ತಿದಿಯಲ್ಲಿ ಒಣಗಿದ ಎಲೆಯೋ ಗೋಣಿಚೂರೋ ಹಾಕಿ ಹೊತ್ತಿಸಿ. ಹೊಗೆ ಬೆಳ್ಳಗೆ, ಕೈಗೆ ತಣ್ಣಗಿರಬೇಕು. ಬಾಗಿಲಿಗೆ ಎರಡು ಮೂರು ಬಾರಿ ಊದಿ ಒಂದು ನಿಮಿಷ ಕಾಯಿರಿ. ನೊಣಗಳು ಅಪಾಯ ಸಾರಲು ಬಿಡುವ ವಾಸನೆಯನ್ನು ಹೊಗೆ ಮರೆಮಾಡುತ್ತದೆ, ನೊಣಗಳು ತುಪ್ಪ ಹೀರಲು ತಿರುಗುತ್ತವೆ.

ಪೆಟ್ಟಿಗೆಯ ಹಿಂದೆಯೋ ಪಕ್ಕದಲ್ಲೋ ನಿಲ್ಲಿ. ಅಂಚಿನ ಚೌಕಟ್ಟು ಮೊದಲು ತೆಗೆದು ಬದಿಗಿಟ್ಟರೆ ಉಳಿದವನ್ನು ನೊಣ ಅರೆಯದೆ ಸರಿಸಲು ಜಾಗವಾಗುತ್ತದೆ. ಚೌಕಟ್ಟನ್ನು ಯಾವಾಗಲೂ ನೆಟ್ಟಗೆ ಹಿಡಿಯಿರಿ. ಹೊಸ ಎರಿ ಅಡ್ಡ ಮಲಗಿಸಿದರೆ ಮುರಿದು ಬೀಳುತ್ತದೆ.

ಈಗ ಸೂರ್ಯನಿಗೆ ಬೆನ್ನು ಮಾಡಿ, ಬೆಳಕು ಹೆಗಲ ಮೇಲಿಂದ ಕೋಶದ ತಳಕ್ಕೆ ಬೀಳುವಂತೆ ಎರಿಯನ್ನು ತುಸು ಓರೆಮಾಡಿ. ಮೇಲಂಚಿನಲ್ಲಿ ತುಪ್ಪ, ಅದರ ಕೆಳಗೆ ಕಮಾನಿನಂತೆ ಹಳದಿ, ಕಿತ್ತಳೆ, ಬೂದು ಬಣ್ಣದ ಪರಾಗ, ನಡುವೆ ಮರಿಗಳು. ಕೋಶದ ತಳದಲ್ಲಿ ಬಿಳಿ ನೂಲಿನ ತುಣುಕಿನಂತೆ ನಿಂತಿರುವುದು ಮೊಟ್ಟೆ. ಮೊದಲ ದಿನ ನೆಟ್ಟಗೆ ನಿಲ್ಲುವ ಅದು ದಿನ ಕಳೆದಂತೆ ವಾಲಿ, ಮೂರನೇ ದಿನಕ್ಕೆ ಮಲಗುತ್ತದೆ. ಆಮೇಲೆ ಒಡೆದು ಬರುವ ಮರಿಹುಳು ಮುತ್ತಿನ ಬಿಳುಪು, ಹಾಲಿನಂಥ ದ್ರವದಲ್ಲಿ ಮುದುಡಿ ಮಲಗಿರುತ್ತದೆ. ಮೊಟ್ಟೆ ಕಂಡಿತೆಂದರೆ ಮೂರು ದಿನದ ಹಿಂದೆಯಾದರೂ ರಾಣಿ ಇಲ್ಲಿದ್ದಳು ಎಂದಾಯಿತು. ಅವಳನ್ನೇ ಹುಡುಕುತ್ತಾ ಪೆಟ್ಟಿಗೆಯನ್ನು ಅರ್ಧ ಗಂಟೆ ತೆರೆದಿಡುವ ಅಗತ್ಯವೇ ಇಲ್ಲ.

ಕೆಲಸಗಾರ ನೊಣದ ಕೋಶದ ಮುಚ್ಚಳ ಹೆಚ್ಚುಕಡಿಮೆ ಚಪ್ಪಟೆ, ಗಂಡುನೊಣದ್ದು ಉಬ್ಬು. ಮುಚ್ಚಿದ ಕೋಶಗಳು ಒತ್ತೊತ್ತಾಗಿದ್ದರೆ ರಾಣಿ ಚೆನ್ನಾಗಿದ್ದಾಳೆ. ಅಲ್ಲಲ್ಲಿ ಖಾಲಿ ಬಿಟ್ಟು ಚದುರಿದ್ದರೆ ರಾಣಿಗೆ ವಯಸ್ಸಾಗಿದೆ, ಇಲ್ಲವೇ ರೋಗವಿದೆ. ಒಂದೇ ಕೋಶದಲ್ಲಿ ನಾಲ್ಕಾರು ಮೊಟ್ಟೆ, ಅದೂ ಗೋಡೆಗೆ ಅಂಟಿಕೊಂಡಿದ್ದರೆ, ರಾಣಿಯಿಲ್ಲದೆ ಕೆಲಸಗಾರ ನೊಣಗಳೇ ಇಡುತ್ತಿವೆ. ಅವುಗಳಿಂದ ಹುಟ್ಟುವುದು ಗಂಡುನೊಣಗಳು ಮಾತ್ರ. ಕಂಡದ್ದನ್ನು ಅಂದೇ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡಿ.

ಕುಟುಂಬ ಪಾಲಾಗುವ ಕಾಲ

ಹೂವು ಹೆಚ್ಚಿ ಜಾಗ ಸಾಲದಾದಾಗ ಎರಿಯ ಕೆಳಅಂಚಿನಲ್ಲಿ ರಾಣಿಕೋಶಗಳು ಜೋತು ಬೀಳುತ್ತವೆ. ಅವು ಮುಚ್ಚುವ ಹೊತ್ತಿಗೆ ಹಳೆಯ ರಾಣಿ ಅರ್ಧದಷ್ಟು ನೊಣಗಳನ್ನು ಕರೆದುಕೊಂಡು ಹೊರಟುಬಿಡುತ್ತಾಳೆ. ಹೊಸ ರಾಣಿ ಮೊಟ್ಟೆಯಿಂದ 16 ದಿನಕ್ಕೆ ಹೊರಬರುತ್ತಾಳೆ, ಅವಳ ಕೋಶಕ್ಕೆ ಮುಚ್ಚಳ ಬೀಳುವುದು ಎಂಟೊಂಬತ್ತನೇ ದಿನಕ್ಕೆ. ಆದ್ದರಿಂದ ಆ ಕಾಲದಲ್ಲಿ ವಾರಕ್ಕೊಮ್ಮೆ ನೋಡಲೇಬೇಕು. ಜಾಗ ಇಕ್ಕಟ್ಟಾಗುವ ಮೊದಲೇ ಮೇಲೆ ತುಪ್ಪದ ಕೋಣೆ, ಅಂದರೆ ತುಪ್ಪ ತುಂಬಲೆಂದೇ ಇರುವ ಇನ್ನೊಂದು ಚೌಕಟ್ಟಿನ ಪೆಟ್ಟಿಗೆ, ಏರಿಸಿ. ರಾಣಿಕೋಶ ಬಂದೇಬಿಟ್ಟರೆ ಕುಟುಂಬವನ್ನು ನೀವೇ ಎರಡು ಮಾಡಿ: ಹಳೆಯ ರಾಣಿಯ ಜೊತೆ ಕೆಲವು ಚೌಕಟ್ಟು ಹೊಸ ಪೆಟ್ಟಿಗೆಗೆ, ರಾಣಿಕೋಶವಿರುವುದು ಹಳೆಯದರಲ್ಲೇ.

ಕಾಟಗಳು

ಮೇಣದ ಹುಳು ಬಲವಾದ ಕುಟುಂಬದಲ್ಲಿ ನಿಲ್ಲುವುದಿಲ್ಲ. ನೊಣ ಕವಿಯದ ಹೆಚ್ಚುವರಿ ಎರಿ ತೆಗೆದುಬಿಡಿ, ತಳದ ಹಲಗೆ ಒರೆಸುತ್ತಿರಿ. ಮೆಲ್ಲಿಫೆರಾ ಸಾಕುವವರ ದೊಡ್ಡ ಶತ್ರು ವರೋವಾ ನುಸಿ. ಅದು ಮೂಲತಃ ತುಡುವೆಯ ಮೇಲೆ ಬದುಕುತ್ತಿದ್ದ ಕೆಂಗಂದು ಜೀವಿ. ತುಡುವೆ ಅದರೊಡನೆ ಬಾಳಲು ಕಲಿತಿದೆ, ಮೆಲ್ಲಿಫೆರಾ ಕಲಿತಿಲ್ಲ. ತೆಗೆಯುವ ನೊಣಗಳ ನಡುವೆ ರಾಣಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅರ್ಧ ಕಪ್, ಅಂದರೆ ಸುಮಾರು 300 ನೊಣಗಳನ್ನು ಜಾಲರಿ ಮುಚ್ಚಳದ ಜಾಡಿಗೆ ಹಾಕಿ, ಸಕ್ಕರೆ ಪುಡಿಯಲ್ಲಿ ಹೊರಳಿಸಿ ಜಾಡಿಸಿದರೆ ನುಸಿ ಉದುರುತ್ತದೆ, ಎಣಿಸಬಹುದು. ತುಡುವೆಗೆ ಬರುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗದಲ್ಲಿ ಮರಿಹುಳು ನೀರು ತುಂಬಿದ ಚೀಲದಂತಾಗಿ ಸಾಯುತ್ತದೆ. ಅದಕ್ಕೆ ಔಷಧಿಯಿಲ್ಲ, ರೋಗ ಕಂಡ ಪೆಟ್ಟಿಗೆಯ ಚೌಕಟ್ಟನ್ನು ಇನ್ನೊಂದಕ್ಕೆ ಹಾಕದಿರುವುದೇ ಮುಖ್ಯ.

ಕುಟುಕಿದರೆ ಉಗುರಿನಿಂದ ತಕ್ಷಣ ಕೆರೆದು ಮುಳ್ಳು ತೆಗೆಯಿರಿ, ವಿಷದ ಚೀಲ ಇನ್ನೂ ಒತ್ತುತ್ತಲೇ ಇರುತ್ತದೆ. ಆ ಜಾಗಕ್ಕೆ ಹೊಗೆ ಊದಿ. ಕುಟುಕಿದಾಗ ಹೊರಡುವ ಬಾಳೆಹಣ್ಣಿನಂಥ ಅಪಾಯದ ವಾಸನೆ ಬೇರೆ ನೊಣಗಳನ್ನೂ ಕೆರಳಿಸುತ್ತದೆ. ಉಸಿರು ಕಟ್ಟಿದರೆ, ನಾಲಿಗೆ ಊದಿಕೊಂಡರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ತುಪ್ಪ ತೆಗೆಯುವುದಾದರೆ

ಮೇಲಿನ ಕೋಣೆಯದ್ದು ಮಾತ್ರ. ರಾಣಿ, ಮರಿಗಳಿರುವ ಕೆಳಗಿನ ಸಂಸಾರ ಕೋಣೆಯ ತುಪ್ಪ ಹೂವಿಲ್ಲದ ದಿನಗಳಿಗೆ ಅವುಗಳದ್ದೇ, ಅದಕ್ಕೆ ಕೈ ಹಾಕಬಾರದು. ಎರಿಯ ಮುಕ್ಕಾಲು ಪಾಲು ಮೇಣದಿಂದ ಮುಚ್ಚಿರಬೇಕು. ಅನುಮಾನವಿದ್ದರೆ ಎರಿ ಗಟ್ಟಿಯಾಗಿದೆಯೇ ನೋಡಿ, ಚೌಕಟ್ಟು ಮಲಗಿಸಿ ಒಮ್ಮೆ ಜಾಡಿಸಿ. ಹನಿ ಉದುರಿದರೆ ಇನ್ನೂ ನೀರಿದೆ, ಅಂಥ ತುಪ್ಪ ಹುಳಿಯುತ್ತದೆ. ಯಂತ್ರವನ್ನು ಯಾರಿಂದಲಾದರೂ ಎರವಲು ತಂದು ತಿರುಗಿಸಿ ತೆಗೆಯಿರಿ, ಎರಿ ಹಿಂಡಬೇಡಿ. ಹಿಂಡಿದರೆ ಎರಿ ಹಾಳಾಗುತ್ತದೆ, ಮತ್ತೆ ಮೇಣ ಕಟ್ಟಲು ನೊಣಗಳು ಅದರ ಹಲವು ಪಟ್ಟು ತುಪ್ಪ ತಿನ್ನಬೇಕಾಗುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು. ಅದರಲ್ಲಿರಬಹುದಾದ ಬಾಟ್ಯುಲಿಸಂ ಬೀಜಾಣು ಆ ವಯಸ್ಸಿಗೆ ಅಪಾಯಕಾರಿ. ಖಾಲಿಯಾದ ಎರಿಗಳನ್ನು ಹೊರಗೆ ಬಿಡದೆ ಅಂದೇ ಸಂಜೆ ಪೆಟ್ಟಿಗೆಗೆ ಮರಳಿಸಿ. ಅಂಟಿಕೊಂಡ ತುಪ್ಪವನ್ನು ಅವೇ ನೆಕ್ಕಿ, ಹರಿದ ಕೋಶ ರಿಪೇರಿ ಮಾಡಿ, ಮತ್ತೆ ತುಂಬಲು ತೊಡಗುತ್ತವೆ.