ಹೊಲದ ಗಾಳಿಯಲ್ಲಿ ಗ್ಯಾಸ್‌ಲೆಸ್ ವೈರ್ ವೆಲ್ಡಿಂಗ್: ನನ್ನ ಅನುಭವ

ಗದಗ ಸೀಮೆಯಲ್ಲಿ ಹೊಲದ ಶೆಡ್ ಕೆಲಸ ಹಿಡಿದರೆ ಮೊದಲು ಗಾಳಿ ನೋಡಬೇಕು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದೇ ಈ ಗಾಳಿಗಾಗಿ ಅಲ್ವಾ? ಸಿಲಿಂಡರ್ ಇಟ್ಟು ಮಿಗ್ (ಗ್ಯಾಸ್ ಮರೆಯಲ್ಲಿ ವೈರ್ ಕರಗಿಸುವ ವೆಲ್ಡಿಂಗ್) ಮಾಡಿದರೆ ಗ್ಯಾಸ್ ಹಾರಿಹೋಗಿ ಬೀಡ್ (ಬೆಸುಗೆಯ ಗೆರೆ) ತುಂಬ ಸಣ್ಣ ತೂತು. ರಾಡ್‌ನಲ್ಲೂ ಮಾಡಬಹುದು. ಆದರೆ 2 ಎಂ.ಎಂ. ಚೌಕ ಪೈಪಿಗೆ ನಾನು ಗ್ಯಾಸ್‌ಲೆಸ್ ವೈರನ್ನೇ, ಅಂದರೆ ಒಳಗಿನ ಪುಡಿ ಸುಟ್ಟು ತಾನೇ ಗ್ಯಾಸ್ ಕೊಡುವ ವೈರನ್ನೇ, ಹಿಡಿಯುತ್ತೇನೆ. ನನ್ನದು 0.8 ಎಂ.ಎಂ.ನ ಇ71ಟಿ-ಜಿಎಸ್ ಎಂಬ ದರ್ಜೆಯ ವೈರ್.

ಸ್ಪೂಲ್ ಹಾಕಿದ ಕೂಡಲೇ ಮೆಷಿನ್ ಬಾಗಿಲು ತೆಗೆದು ಪೋಲಾರಿಟಿ ಬದಲಿಸುತ್ತೇನೆ. ಗ್ಯಾಸ್ ಮಿಗ್‌ಗೆ ಟಾರ್ಚ್ (ಕೈಯಲ್ಲಿ ಹಿಡಿಯುವ ವೆಲ್ಡಿಂಗ್ ಗನ್) ಪ್ಲಸ್. ಈ ವೈರಿಗೆ ಟಾರ್ಚ್ ಮೈನಸ್, ಅರ್ತ್ ಕ್ಲ್ಯಾಂಪ್ ಪ್ಲಸ್. "ಈ ವೈರ್ ಬರೀ ಸಿಡಿಯುತ್ತೆ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಇದನ್ನೇ.

ಆಮೇಲೆ ವೈರನ್ನು ಮುಂದೆ ತಳ್ಳುವ ರೋಲರ್. ಈ ವೈರ್ ಗಟ್ಟಿ ತಂತಿಯಲ್ಲ. ಒಳಗೆ ಫ್ಲಕ್ಸ್ ಪುಡಿ ತುಂಬಿದ ಸಣ್ಣ ಕೊಳವೆ. ಬಿಗಿ ಜಾಸ್ತಿಯಾದರೆ ಚಪ್ಪಟೆಯಾಗಿ, ವೈರ್ ಟಾರ್ಚಿಗೆ ಸಾಗುವ ಒಳಕೊಳವೆಯಾದ ಲೈನರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಹಲ್ಲಿರುವ ರೋಲರ್ ಹಾಕಿ, ವೈರ್ ಜಾರದಷ್ಟು ಮಾತ್ರ ಬಿಗಿ ಮಾಡುತ್ತೇನೆ.

ಟಾರ್ಚ್ ತುದಿಯಿಂದ ವೈರ್ 12ರಿಂದ 18 ಎಂ.ಎಂ. ಹೊರಗಿರಲಿ. ಗ್ಯಾಸ್ ಮಿಗ್ ಅಭ್ಯಾಸವಿದ್ದವರು ತೀರಾ ಹತ್ತಿರ ಹಿಡಿಯುತ್ತಾರೆ. ಆಗ ವೈರ್ ಕಾಯುವುದಿಲ್ಲ, ಬೀಡ್‌ನಲ್ಲಿ ತೂತು ಬೀಳುತ್ತದೆ. ಟಾರ್ಚನ್ನು ಮುಂದಕ್ಕೆ ತಳ್ಳಬೇಡಿ, ನಿಮ್ಮ ಕಡೆ ಎಳೆಯಿರಿ. ತಳ್ಳಿದರೆ ಸ್ಲ್ಯಾಗ್ (ಫ್ಲಕ್ಸ್ ಕರಗಿ ಉಳಿಯುವ ಕಿಟ್ಟ) ಬೀಡ್ ಒಳಗೆ ಸಿಕ್ಕಿಕೊಳ್ಳಬಹುದು. ಎಳೆಯುವಾಗ ಕಣ್ಣು ಆರ್ಕ್ (ವೈರ್ ತುದಿಯ ಉರಿಯುವ ಕಿಡಿ) ಮೇಲಲ್ಲ, ಅದರ ಹಿಂದೆ ಕರಗಿದ ಕಬ್ಬಿಣದ ಮೇಲಿರಲಿ. ಅದು ಎರಡೂ ಅಂಚಿಗೆ ಹಿಡಿದ ಮೇಲೇ ಕೈ ಮುಂದೆ ಸಾಗಬೇಕು. ತೆಳು ಪೈಪಿನಲ್ಲಿ ಒಂದೇ ಎಳೆತಕ್ಕೆ ಹೋಗಬೇಡಿ. ಚೂರು ಹಾಕಿ, ಕೆಂಪು ಆರಲು ಬಿಟ್ಟು, ಮತ್ತೆ ಚೂರು. ನಿಂತ ಪೈಪಾದರೆ ಮೇಲಿಂದ ಕೆಳಕ್ಕೆ ಎಳೆದರೆ ಪೈಪೇ ಕರಗಿ ತೂತು ಬೀಳುವ ಭಯ ಕಡಿಮೆ.

ಇ71ಟಿ-ಜಿಎಸ್ ಒಂದೇ ಪಾಸ್‌ನ, ಅಂದರೆ ಒಂದೇ ಸಲ ಬೀಡ್ ಹಾಕುವ ವೈರ್. ದಪ್ಪ ಪ್ಲೇಟಿಗೆ ಒಂದರ ಮೇಲೊಂದು ಬೀಡ್ ಹಾಕಬೇಕಿದ್ದರೆ ಇ71ಟಿ-11 ತರಬೇಕು. ಇದರಲ್ಲಿ ರಾಜಿ ಬೇಡ, ಮನೆಯವರು ಆ ಮಾಡಿನ ಕೆಳಗೆ ಓಡಾಡುತ್ತಾರೆ.

ಹೊಗೆ ಗ್ಯಾಸ್ ಮಿಗ್‌ಗಿಂತ ಜಾಸ್ತಿ. ಗಾಳಿ ಹೊಗೆಯನ್ನು ಮುಖದಿಂದ ಆಚೆ ಒಯ್ಯುವ ಹಾಗೆ ಕೂರಿ. ಜಿ.ಐ. (ಸತು ಲೇಪಿಸಿದ) ಪೈಪಾದರೆ ಜಾಯಿಂಟ್ ಸುತ್ತಲಿನ ಸತುವನ್ನು ಉಜ್ಜಿ ತೆಗೆಯದೆ ಆರ್ಕ್ ಹಚ್ಚಲೇಬೇಡಿ. ಉಜ್ಜುವಾಗಲೂ ಮಾಸ್ಕ್ ಇರಲಿ.

ಉಳಿದ ಸ್ಪೂಲನ್ನು ಸಿಲಿಕಾ ಜೆಲ್ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುತ್ತೇನೆ. ಮಳೆಗಾಲದಲ್ಲಿ ಮೆಷಿನ್‌ನಲ್ಲೇ ಬಿಟ್ಟರೆ ಪುಡಿ ತೇವ ಹೀರುತ್ತದೆ, ಮುಂದಿನ ಬೀಡ್ ಮೇಲೆ ಹುಳ ಹರಿದಂಥ ಗೆರೆ ಬೀಳುತ್ತದೆ.