ದಾಳ ಇಲ್ಲದ ರೈಲಾಟ: 1830 ಆಡಿದ ಅನುಭವ

ರೈಲಿನ ಬೋರ್ಡ್ ಗೇಮ್ ಅಂದ್ರೆ ಜಾಸ್ತಿ ಜನಕ್ಕೆ ಗೊತ್ತಿರುವುದು 2004ರ ‘ಟಿಕೆಟ್ ಟು ರೈಡ್’. ನಮ್ಮ ಗುಂಪೂ ಅದರಿಂದಲೇ ಶುರು ಮಾಡಿತು. ಒಂದೇ ಬಣ್ಣದ ಕಾರ್ಡು ಕೂಡಿಸುವುದು, ಊರಿಂದ ಊರಿಗೆ ಬೋಗಿ ಜೋಡಿಸುವುದು. ಭಾರತದ ನಕ್ಷೆಯೂ ಸಿಗುತ್ತದೆ. ಒಳ್ಳೆಯ ಆಟವೇ. ಆದರೆ ನನಗೆ ನಿಜವಾಗಿ ಹುಚ್ಚು ಹಿಡಿಸಿದ್ದು 1830. ಫ್ರಾನ್ಸಿಸ್ ಟ್ರೆಶಮ್ 1986ರಲ್ಲಿ ತಂದ ಆಟ, ಅಮೆರಿಕದ ಪೂರ್ವ ಭಾಗದ ನಕ್ಷೆ, ಎಂಟು ರೈಲು ಕಂಪನಿಗಳ ಮೇಲೆ ನಿಂತದ್ದು.

ಗೆಳೆಯರಿಗೆ ಕಲಿಸುವಾಗ ನಿಯಮ ಒಂದೊಂದಾಗಿ ಓದಲಿಲ್ಲ. ಮೊದಲು ಇಷ್ಟೇ ಹೇಳಿದೆ: ‘ಗೆಲ್ಲೋದು ಕಂಪನಿ ಅಲ್ಲ, ನೀವು. ಕೊನೆಗೆ ಎಣಿಸೋದು ನಿಮ್ಮ ಕೈಲಿರೋ ದುಡ್ಡು, ಷೇರಿನ ಬೆಲೆ. ಕಂಪನಿ ಖಜಾನೆಯ ಹಣ ಲೆಕ್ಕಕ್ಕಿಲ್ಲ.’ ಈ ಮಾತು ತಲೆಗೆ ಹೋದರೆ ಅರ್ಧ ಆಟ ಬಂದ ಹಾಗೆ. ಆಮೇಲೆ ಕಾಗದದ ನೋಟು ಎತ್ತಿಟ್ಟು ಪೋಕರ್ ಚಿಪ್ಸ್ (ದುಡ್ಡಿನ ಬದಲು ಬಳಸುವ ಬಿಲ್ಲೆ) ತಂದೆ. ನೋಟು ಎಣಿಸುತ್ತಾ ಕೂತರೆ ಬೆಳಗಾಗುತ್ತದೆ. ಬ್ಯಾಂಕ್ ನೋಡಿಕೊಳ್ಳಲು ಒಬ್ಬರನ್ನೇ ಕೂರಿಸಿದೆವು.

ನಾಲ್ಕು ಜನ ಆಡಿದರೆ ತಲಾ 600 ಡಾಲರ್ ಸಿಗುತ್ತದೆ. ಕಂಪನಿಯ ಅಧ್ಯಕ್ಷರಾಗುವವರು ಷೇರಿನ ಮೊದಲ ಬೆಲೆಯನ್ನು 67ರಿಂದ 100ರೊಳಗೆ ಇಡಬೇಕು. ಶೇಕಡ 60 ಷೇರು ಮಾರಾಟವಾದರೆ ಕಂಪನಿ ಶುರು, ಖಜಾನೆಗೆ ಆ ಬೆಲೆಯ ಹತ್ತು ಪಟ್ಟು ಬರುತ್ತದೆ. ಬೆಲೆ ಕಮ್ಮಿ ಇಟ್ಟರೆ ಬೇಗ ಶುರುವಾಗುತ್ತದೆ, ರೈಲು ಕೊಳ್ಳಲು ದುಡ್ಡು ಸಾಲುವುದಿಲ್ಲ. ಜಾಸ್ತಿ ಇಟ್ಟರೆ ಕೊಳ್ಳುವವರೇ ಸಿಗುವುದಿಲ್ಲ. ದಾಳ ಇಲ್ಲ, ಅದೃಷ್ಟವನ್ನು ದೂರುವ ಹಾಗಿಲ್ಲ.

ಆಟದ ಜೀವ ಇರುವುದು ರೈಲು ಹಳತಾಗುವುದರಲ್ಲಿ. ಎರಡು ನಿಲ್ದಾಣ ಓಡುವ ರೈಲಿಗೆ 80 ಡಾಲರ್. ಯಾರೋ ಒಬ್ಬರು 300 ಕೊಟ್ಟು ನಾಲ್ಕು ನಿಲ್ದಾಣ ಓಡುವ ಮೊದಲ ರೈಲು ಕೊಂಡ ಕ್ಷಣ ಮೇಜಿನ ಮೇಲಿನ ಎರಡರ ರೈಲುಗಳೆಲ್ಲ ಗುಜರಿಗೆ. ಕಂಪನಿಗೆ ಮಾರ್ಗವಿದ್ದು ರೈಲಿಲ್ಲದಿದ್ದರೆ ಕೊಳ್ಳಲೇಬೇಕು. ಖಜಾನೆ ಖಾಲಿಯಿದ್ದರೆ ಅಧ್ಯಕ್ಷರ ಜೇಬಿಗೇ ಕೈ. ಅಲ್ಲೂ ಸಾಲದಿದ್ದರೆ ಅವರು ದಿವಾಳಿ, ಆಟ ಅಲ್ಲಿಗೇ ಮುಗಿಯಿತು.

ಒಮ್ಮೆ ನಮ್ಮ ಗೆಳತಿಯೊಬ್ಬಳ ಕೈಯಲ್ಲಿ ಈರಿ ಮತ್ತು ನ್ಯೂಯಾರ್ಕ್ ಸೆಂಟ್ರಲ್ ಎರಡೂ ಕಂಪನಿಗಳಿದ್ದವು. ಈರಿ ತನ್ನ ಸರದಿ ಮುಗಿಸಿ ಡಿವಿಡೆಂಡ್ (ಷೇರುದಾರರಿಗೆ ಲಾಭದ ಪಾಲು) ಹಂಚಿತು. ಮುಂದೆ ನ್ಯೂಯಾರ್ಕ್ ಸೆಂಟ್ರಲ್ ಸರದಿ. ಈರಿಯ ಬಳಿಯಿದ್ದ ಒಂದೇ ರೈಲನ್ನು ಅದು ಒಂದು ಡಾಲರಿಗೆ ಕೊಂಡಿತು! ನಿಯಮದಲ್ಲಿ ಇದಕ್ಕೆ ಅಡ್ಡಿಯಿಲ್ಲ. ಷೇರು ಕೊಂಡು ಮಾರುವ ಸುತ್ತು ಬಂತು. ಅವಳು ಈರಿಯ ಷೇರನ್ನೆಲ್ಲ ಮಾರಿಬಿಟ್ಟಳು. ಡಿವಿಡೆಂಡ್ ಬರಲಿ ಅಂತ ಸುಮ್ನೆ ಎರಡು ಷೇರು ಇಟ್ಟುಕೊಂಡಿದ್ದ ಹುಡುಗನದೇ ಈಗ ಹೆಚ್ಚಿನ ಪಾಲು, ಹಾಗಾಗಿ ಅವನೇ ಅಧ್ಯಕ್ಷ. ರೈಲಿಲ್ಲ, ಖಜಾನೆ ಬರಿದು. ಮಾರಾಟಕ್ಕಿರುವ ಅತಿ ಅಗ್ಗದ ರೈಲಿಗೆ 450. ಅವನು ಉಳಿದ ಷೇರು ಮಾರಿ ಹಣ ಹೊಂದಿಸುವಾಗ ಮೇಜಿನ ಸುತ್ತ ಒಬ್ಬರೂ ಮಾತಾಡಲಿಲ್ಲ.

ಆಟ ಮುಗಿದ ಮೇಲೆ ನಿಜವಾದ ಈರಿಯ ಕತೆ ಹೇಳಿದೆ. 1868ರಲ್ಲಿ ರೈಲು ಉದ್ಯಮಿ ಕಾರ್ನೀಲಿಯಸ್ ವಾಂಡರ್‌ಬಿಲ್ಟ್ ಈರಿಯ ಷೇರು ಕೊಳ್ಳುತ್ತಾ ಹೋದರೆ ಅದರ ನಿರ್ದೇಶಕರಾಗಿದ್ದ ಡೇನಿಯಲ್ ಡ್ರೂ, ಜೇ ಗೌಲ್ಡ್, ಜಿಮ್ ಫಿಸ್ಕ್ ಹೊಸ ಷೇರು ಮುದ್ರಿಸಿ ಮಾರುತ್ತಾ ಹೋದರು. ಬಂಧನದ ಭಯ ಬಂದಾಗ ನದಿ ದಾಟಿ ನ್ಯೂಜೆರ್ಸಿಗೆ ಓಡಿದರು. ನಮ್ಮ ಮೇಜಿನ ಮೇಲೆ ನಡೆದದ್ದು ಆ ಕಾಲದ ಬುದ್ಧಿಯೇ, ಅಲ್ವಾ? ಹಳಿ ಹಾಕುವುದು, ಸಾಮಾನು ಸಾಗಿಸುವುದು ಬೇರೆ ಆಟಗಳಲ್ಲೂ ಇದೆ. ರೈಲು ಯಾರ ದುಡ್ಡಲ್ಲಿ ಬಂತು, ನಷ್ಟ ಯಾರ ತಲೆಗೆ ಕಟ್ಟಲಾಯಿತು ಅನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸುವ ಆಟ ನಾನು ಬೇರೆ ಕಂಡಿಲ್ಲ.

ಹೊಸಬರು 1830ಕ್ಕೆ ನೇರ ಕೈ ಹಾಕಬೇಕಿಲ್ಲ. ಜಪಾನಿನ ಶಿಕೋಕು ದ್ವೀಪದ ಮೇಲಿರುವ 1889 ತೆಗೆದುಕೊಳ್ಳಿ. ನಿಯಮ ಹೆಚ್ಚುಕಮ್ಮಿ ಅದೇ, ನಕ್ಷೆ ಚಿಕ್ಕದು, ಬೇಗ ಮುಗಿಯುತ್ತದೆ. ಮೂರೋ ನಾಲ್ಕೋ ಜನ ಸೇರಿ, ಒಂದು ಇಡೀ ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಯಾರ ಕಂಪನಿಯಲ್ಲಾದರೂ ಎರಡು ಷೇರು ಕೊಳ್ಳುವ ಮೊದಲು ಅದರ ಖಜಾನೆಯಲ್ಲಿ ಎಷ್ಟಿದೆ, ಅದರ ರೈಲು ಯಾವುದು ಅಂತ ನೋಡಿಕೊಳ್ಳಿ.