ಪಿಚ್ ಮೇಲೊಂದು ಪದಬಂಧ ಹೆಣೆದದ್ದು: ನನ್ನ ಅನುಭವ

ಕ್ರಿಕೆಟ್ ಪದಬಂಧ ಅಂದ್ರೆ ಸಾಮಾನ್ಯವಾಗಿ ಆಟಗಾರರ ಹೆಸರು ತುಂಬ್ಸಿ ಮುಗಿಸ್ತಾರೆ, ನಂಗೆ ಅದು ಬೇಡ ಅನ್ನಿಸ್ತು, ಪಿಚ್ ಒಂದನ್ನೇ ಹಿಡ್ಕೊಂಡು ಮಾಡೋಣ ಅಂತ ಕೂತೆ. ಸುಳಿವಿನಲ್ಲೇ ಒಗಟು ಅಡಗಿಸೋ ಇಂಗ್ಲಿಷ್ ಕ್ರಿಪ್ಟಿಕ್ ಪದಬಂಧಗಳಲ್ಲಿ ಡಕ್ (ಸೊನ್ನೆ ರನ್) ಅಂದ್ರೆ ಓ, ಮೇಡನ್ (ರನ್ ಕೊಡದ ಓವರ್) ಅಂದ್ರೆ ಎಂ, ಲೆಗ್ ಅಂದ್ರೆ ಆನ್ ಅಂತ ಒಂದೆರಡು ಅಕ್ಷರದಲ್ಲೇ ಕೈಚಳಕ ನಡೆಯುತ್ತೆ. ನಮಗೆ ಆ ಸೌಲಭ್ಯ ಕಮ್ಮಿ, ಆದ್ರೆ ಎರಡರ್ಥದ ಮಾತು ಬೇಕಾದಷ್ಟಿದೆ.

ಮೊದ್ಲು ಸಿಕ್ಕಿದ್ದು ಗಜ. ಸ್ಟಂಪಿಂದ ಸ್ಟಂಪಿಗೆ 22 ಗಜ ತಾನೇ, ಹಂಗಾಗಿ ಸುಳಿವು ಹೀಗೆ ಬರೆದೆ (ಕೊನೇಲಿರೋ ಅಂಕಿ ಉತ್ತರಕ್ಕೆ ಎಷ್ಟು ಅಕ್ಷರ ಅನ್ನೋದು): "ಜಗ ತಿರುಗಿದ್ರೆ ಆನೆ, ಇಂಥವು 22 ಸಾಲಾಗಿ ನಿಂತ್ರೆ ಪಿಚ್ (2)". ಆಮೇಲೆ ಅಂಕಣ: "ಪತ್ರಿಕೆಯಲ್ಲೂ ಉಂಟು, ಸ್ಟಂಪುಗಳ ನಡುವೆಯೂ ಉಂಟು (3)". ಗೆರೆಗೆ ಮಾತ್ರ ಬಚ್ಚಿಡೋ ಆಟ ಆಡಿದೆ, "ಅಡುಗೆ ರೆಡಿ ಅನ್ನೋದ್ರೊಳಗೇ ಇದೆ, ಬೌಲರ್ ಮುಂಗಾಲು ಪೂರ್ತಿ ದಾಟಿದ್ರೆ ನೋಬಾಲ್ (2)". ಆ 'ಪೂರ್ತಿ' ಬಿಡಂಗಿಲ್ಲ, ಯಾಕಂದ್ರೆ ಪಾದದ ಒಂಚೂರು ಪಾಪಿಂಗ್ ಕ್ರೀಸ್ ಅನ್ನೋ ಆ ಗೆರೆ ಹಿಂದಿದ್ರೂ, ಗಾಳೀಲಿದ್ರೂ, ಬಾಲ್ ಸರಿಯೇ. ಪದದಾಟ ಎಷ್ಟೇ ಚೆನ್ನಾಗಿರ್ಲಿ, ಆಟದ ಕಾನೂನಿಗೆ ತಪ್ಪೋ ಸುಳಿವನ್ನ ನಾನು ಇಟ್ಕೊಳ್ಳಲ್ಲ.

ನಿಜವಾದ ಕಷ್ಟ ಮನೆ ತುಂಬೋದ್ರಲ್ಲಿ. ಪಿಚ್, ಕ್ರೀಸ್, ಯಾರ್ಕರ್ ಇವಕ್ಕೆಲ್ಲ ಕೊನೇಲಿ ಚ್, ಸ್, ರ್ ಅಂತ ಅರ್ಧಾಕ್ಷರಕ್ಕೇ ಒಂದು ಮನೆ ಹೋಗುತ್ತೆ, ಆ ಮನೆ ಹಾದು ಹೋಗೋ ಕನ್ನಡ ಪದ ಹುಡುಕಿದ್ರೆ ಸಿಗಲ್ಲ, ನಮ್ಮ ಮಾತು ಸ್ವರದಲ್ಲೇ ಮುಗಿಯೋದು. ಕೆಲವ್ರು ಪಿಚ್ಚು, ಕ್ರೀಸು ಅಂತ ಎಳೀತಾರೆ, ಬಿಡಿಸೋರಿಗೆ ಅದು ಗೊಂದಲ. ನಾನು ಬಲಗಡೆ ಕೆಳಮೂಲೆಯಲ್ಲಿ ಎರಡು ಇಂಗ್ಲಿಷ್ ಪದ ಒಟ್ಟಿಗೆ ಮುಗಿಸ್ತೀನಿ, ಎಡದಿಂದ ರೋಲರ್ ಬರುತ್ತೆ, ಮೇಲಿಂದ ಯಾರ್ಕರ್ ಇಳಿಯುತ್ತೆ, ಎರಡಕ್ಕೂ ಅದೇ ರ್.

ನಂಗೆ ತುಂಬಾ ಖುಷಿ ಕೊಟ್ಟಿದ್ದು ನಟ್ಟನಡುವಿನ ಮನೆ. ತಿರುವು ಅಡ್ಡಕ್ಕೆ, ಬಿರುಕು ಕೆಳಕ್ಕೆ, ಎರಡರ ಮಧ್ಯದಲ್ಲೂ ರು. ಟೆಸ್ಟ್ ಮ್ಯಾಚ್‌ನಲ್ಲಿ ದಿನ ಕಳೀತಾ ಜೇಡಿಮಣ್ಣಿನ ತೇವ ಆರಿ ಮಣ್ಣು ಕುಗ್ಗಿ ಬಿರುಕು ಬಿಡುತ್ತೆ, ಅದರ ಅಂಚಿಗೆ ಬಿದ್ದ ಬಾಲ್ ಎತ್ತಲಾದ್ರೂ ತಿರುಗ್ಬಹುದು, ಇಲ್ಲಾ ನೆಲಕ್ಕೇ ಅಂಟ್ಕೊಂಡು ಹೋಗ್ಬಹುದು, ಅಂದ್ರೆ ಪಿಚ್ ಮೇಲೆ ಸೇರೋ ಎರಡು ಸಂಗತಿ ಪದಬಂಧದಲ್ಲೂ ಒಂದೇ ಮನೇಲಿ ಸೇರಿದ್ವು! ಬಿರುಕಿನ ಸುಳಿವು: "ಸ್ನೇಹದಲ್ಲಿ ಬಂದ್ರೆ ಮಾತು ನಿಲ್ಲುತ್ತೆ, ಪಿಚ್‌ನಲ್ಲಿ ಬಂದ್ರೆ ಬೌನ್ಸ್ ನಂಬೋಕಾಗಲ್ಲ (3)". ತಿರುವಿಗೆ: "ಕಥೆಗೂ ಬೇಕು, ಘಾಟಿಗೂ ಬೇಕು, ಸ್ಪಿನ್ನರ್‌ಗಂತೂ ಬೇಕೇ ಬೇಕು (3)".

ಕೊನೇಗೆ ಎಡಮೂಲೆಯಲ್ಲಿ ಎರಡು ಮನೆ ಖಾಲಿ ಉಳೀತು, ಅದಕ್ಕೆ ಹಾಕಿದ ಸುಳಿವಿನ ಉತ್ತರ ನೀವೇ ಹೇಳಿ: "ಪಾತ್ರೆಗೆ ಒಂದೇ, ಪಿಚ್ ಅಗಲಕ್ಕೆ ಹತ್ತು (2)".